ದಿಕ್ಸೂಚಿ ನೋಡುವ ಮುನ್ನ ಸೊಂಟದ ಕತ್ತಿ ದೂರವಿಡಿ

ಮಾನ್ಯ ಸಂಪಾದಕರೇ,

ಮಳೆಗಾಲದ ಚಾರಣಕ್ಕೆ ಹೊರಡುವವರು ದಿಕ್ಸೂಚಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕೆಂದು ತಮ್ಮ ಪತ್ರಿಕೆಯಲ್ಲಿ ಬಂದ ಸಲಹೆ ಒಳ್ಳೆಯದೇ. ಆದರೆ ಮುಳ್ಳು ತೋರಿಸಿದ್ದೇ ಉತ್ತರ ಎಂಬ ಧಾಟಿಯಲ್ಲಿ ಅದು ಮುಗಿದಿದ್ದರಿಂದ, ಮೂವತ್ತು ವರ್ಷ ಸರಕು ಹಡಗುಗಳಲ್ಲಿ ದಿಕ್ಕು ನೋಡಿಯೇ ಅನ್ನ ದುಡಿದು, ಈಗ ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನಾನು ನಾಲ್ಕು ಮಾತು ಸೇರಿಸಬೇಕಾಗಿದೆ.

ಮುಳ್ಳು ಅನುಸರಿಸುವುದು ಭೂಮಿಯ ಕಾಂತಕ್ಷೇತ್ರವನ್ನೇ ಹೊರತು ನಕ್ಷೆಯ ಉತ್ತರವನ್ನಲ್ಲ. ಇವೆರಡರ ನಡುವಿನ ಕೋನವೇ ದಿಕ್ಪಾತ. ಹಡಗಿನವರ ಬಾಯಲ್ಲಿ ವೇರಿಯೇಷನ್. ಅದು ಸ್ಥಳದಿಂದ ಸ್ಥಳಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಸರ್ವೇ ಆಫ್ ಇಂಡಿಯಾದ ನಕ್ಷೆಗಳಲ್ಲಿ ಇಸವಿ ಸಮೇತ ನಮೂದಾಗಿರುತ್ತದೆ. ಮಲೆನಾಡಿನಲ್ಲಿ ಅದು ಪಶ್ಚಿಮಕ್ಕೆ ಒಂದೆರಡು ಡಿಗ್ರಿಯಷ್ಟೇ. ಮುಳ್ಳಿನ ಅಂಕಿಯಿಂದ ಅಷ್ಟನ್ನು ಕಳೆದರಾಯಿತು. ಮೊಬೈಲನ್ನು ನಿಜ ಉತ್ತರಕ್ಕೆ ಹೊಂದಿಸಿದ್ದರೆ ಅದೂ ಬೇಡ, ಕಳೆದರೆ ಎರಡು ಸಲ ಕಳೆದಂತಾಗುತ್ತದೆ.

ನಮ್ಮಲ್ಲಿ ದಾರಿ ತಪ್ಪಿಸುವುದು ಇದಲ್ಲ, ಹತ್ತಿರದ ಕಬ್ಬಿಣ. ಹಡಗಿನ ಮೈಯೆಲ್ಲ ಕಬ್ಬಿಣವಾದ್ದರಿಂದ ಅದನ್ನು ಸುತ್ತಲೂ ತಿರುಗಿಸಿ, ಯಾವ ದಿಕ್ಕಿಗೆ ಮುಖ ಮಾಡಿದಾಗ ಮುಳ್ಳು ಎಷ್ಟು ಸರಿಯುತ್ತದೆಂದು ಪಟ್ಟಿ ಬರೆದು ದಿಕ್ಸೂಚಿಯ ಬಳಿ ಇಟ್ಟಿರುತ್ತೇವೆ. 1801ರಲ್ಲಿ ಆಸ್ಟ್ರೇಲಿಯಾದ ಕರಾವಳಿ ಅಳೆಯಲು ಹೊರಟ ಮ್ಯಾಥ್ಯೂ ಫ್ಲಿಂಡರ್ಸ್ ಮುಳ್ಳು ಹೀಗೆ ಸರಿಯುವುದನ್ನು ಕೂಲಂಕಷವಾಗಿ ಗಮನಿಸಿದವನು. ಅದನ್ನು ತಿದ್ದಲು ನಿಲ್ಲಿಸುವ ಕಬ್ಬಿಣದ ಸರಳಿಗೆ ಇಂದಿಗೂ ಅವನದೇ ಹೆಸರು.

ಚಾರಣಿಗರ ಬಳಿ ಅಂಥ ಪಟ್ಟಿ ಎಲ್ಲಿ? ಮೊನ್ನೆ ಅಂಗಳದ ಕಲ್ಲುಬೆಂಚಿನ ಮೇಲೆ ದಿಕ್ಸೂಚಿಯಿಟ್ಟು, ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಹತ್ತಿರ ತಂದೆ. ಒಂದು ಮಾರು ದೂರದಲ್ಲಿ ಮುಳ್ಳು ಮಿಸುಕಲಿಲ್ಲ. ಗೇಣಿಗಿಂತ ಸಮೀಪ ಬಂದಾಗ ಹತ್ತು ಡಿಗ್ರಿಯಷ್ಟು ವಾಲಿತು. ಮಗಳ ಮೊಬೈಲ್ ಕವರಿನ ಅಯಸ್ಕಾಂತದ ಗುಂಡಿಗಂತೂ ಅದು ದಿಕ್ಕೆಟ್ಟು ತಿರುಗಿತು. ಹತ್ತು ಡಿಗ್ರಿ ತಪ್ಪಿ ನಡೆದರೆ ಒಂದು ಕಿಲೋಮೀಟರಿಗೆ ಸುಮಾರು 175 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ. ಮಂಜು ಕವಿದ ಕೊಡಚಾದ್ರಿಯ ನೆತ್ತಿಯಲ್ಲಿ ಅಷ್ಟು ಸರಿದರೆ ಕಾಲಡಿ ಏನಿರುತ್ತದೆಂದು ಹತ್ತಿದವರಿಗೆ ಗೊತ್ತು. ಅಲ್ಲಿನ ಮೂಲ ದೇವಸ್ಥಾನದ ಬಳಿಯ ಕಬ್ಬಿಣದ ಕಂಬಕ್ಕೆ ಒರಗಿ ದಿಕ್ಕು ನೋಡುವುದೂ ಸಲ್ಲ.

ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಂತೆ ನೆಲವೇ ಮುಳ್ಳನ್ನು ಎಳೆಯುವ ಕಡೆ ಕತ್ತಿ ಇಳಿಸಿಟ್ಟೂ ಪ್ರಯೋಜನವಿಲ್ಲ. ಅಲ್ಲಿ ಸರ್ವೆಯವರ ಉಪಾಯವೇ ಗತಿ: ಇಲ್ಲಿಂದ ಎದುರಿನ ಬಂಡೆಯ ದಿಕ್ಕನ್ನು ಓದಿಕೊಂಡು, ಬಂಡೆಯ ಬಳಿ ಹೋಗಿ ಅಲ್ಲಿಂದ ಮೊದಲು ನಿಂತಿದ್ದ ಜಾಗದ ದಿಕ್ಕನ್ನು ಓದಬೇಕು. ಎರಡರ ನಡುವೆ 180 ಡಿಗ್ರಿ ಅಂತರ ಬರದಿದ್ದರೆ ಎರಡರಲ್ಲೊಂದು ಜಾಗ ಕೆಟ್ಟಿದೆಯೆಂದೇ ಅರ್ಥ.

ಹೊರದೇಶದ ನೆಂಟರು ತಂದುಕೊಟ್ಟ ದಿಕ್ಸೂಚಿಯಿದ್ದರೆ ಇನ್ನೊಂದು ಕಿರಿಕಿರಿ. ಯುರೋಪಿನಲ್ಲಿ ಮುಳ್ಳಿನ ಉತ್ತರದ ತುದಿ ಕಡಿದಾಗಿ ಕೆಳಕ್ಕೆ ಬಾಗುವುದರಿಂದ ದಕ್ಷಿಣದ ತುದಿಗೆ ತೂಕ ಕೊಟ್ಟಿರುತ್ತಾರೆ. ಮುಳ್ಳು ಯಾವ ಕಡೆಗೂ ಬಾಗದೆ ಮಟ್ಟವಾಗಿ ನಿಲ್ಲುವ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮಲ್ಲಿ ಆ ತೂಕವೇ ಹೆಚ್ಚಾಗಿ, ತುದಿ ತಳಕ್ಕೆ ತಾಗಿ ಮುಳ್ಳು ಸಿಕ್ಕಿಕೊಳ್ಳುತ್ತದೆ.

ಚಾರಣಕ್ಕೆ ಚೀಟಿ ಕೊಡುವ ಗೇಟುಗಳಲ್ಲಿ ಆಯಾ ವರ್ಷದ ದಿಕ್ಪಾತದ ಅಂಕಿಯನ್ನೂ, ಕಬ್ಬಿಣದಿಂದ ದೂರ ನಿಂತು ದಿಕ್ಕು ನೋಡಿ ಎಂಬ ಒಂದು ಸಾಲನ್ನೂ ಫಲಕದಲ್ಲಿ ಬರೆಸುವಂತೆ ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಹಡಗು ಅಧಿಕಾರಿ, ತೀರ್ಥಹಳ್ಳಿ ತಾಲ್ಲೂಕು