ಪೈಗೂ ಕುಲ ಕೇಳಿದವರು

ಪ್ರೀತಿಯ ತಮ್ಮ,

ನಿನ್ನ ಲೇಖನದ ಕರಡು ಓದಿದೆ. ‘ಗಣಿತಕ್ಕೆ ರಾಜಕೀಯ ಅಂಟುವುದಿಲ್ಲ’ ಅಂತ ಶುರು ಮಾಡಿದ್ದೀಯ. ಆ ಸಾಲು ಹೊಡೆದುಹಾಕಿ ನಾಜಿಗಳು ಅಧಿಕಾರಕ್ಕೆ ಬಂದ 1933ರ ಜರ್ಮನಿಯಿಂದ, ಗೊಟ್ಟಿಂಗನ್ ವಿಶ್ವವಿದ್ಯಾಲಯದಿಂದ ಶುರು ಮಾಡು.

ಆ ನವೆಂಬರ್‌ನಲ್ಲಿ ಅಲ್ಲಿನ ಗಣಿತದ ಪ್ರೊಫೆಸರ್ ಎಡ್ಮಂಡ್ ಲಾಂಡೌ ಕ್ಯಾಲ್ಕುಲಸ್ ಪಾಠ ಮಾಡಲು ಬಂದರೆ ಕೋಣೆ ಹೆಚ್ಚುಕಡಿಮೆ ಖಾಲಿ. ವಿದ್ಯಾರ್ಥಿಗಳು ಬಹಿಷ್ಕಾರ ಹಾಕಿದ್ದರು. ಲಾಂಡೌ ಯಹೂದಿ, ಅದೇ ಕಾರಣ. ಮುಂದಾಳು ಓಸ್ವಾಲ್ಡ್ ಟೈಖ್‌ಮ್ಯುಲ್ಲರ್ ಎಂಬ ಇಪ್ಪತ್ತು ವರ್ಷದ ಹುಡುಗ. ಮರುವರ್ಷ ಬರ್ಲಿನ್ನಿನ ಗಣಿತದ ಪ್ರೊಫೆಸರ್ ಲುಡ್ವಿಗ್ ಬೀಬರ್‌ಬಾಖ್ ಈ ಬಹಿಷ್ಕಾರವನ್ನು ಸಮರ್ಥಿಸಿಕೊಂಡರು. ಅದಕ್ಕೆ ಲಾಂಡೌ ಅವರ ಗಣಿತವನ್ನೇ ಎಳೆದು ತಂದರು.

ಇಲ್ಲಿ ಅವಸರ ಮಾಡಬೇಡ, ಗಣಿತವನ್ನು ಬಿಡಿಸಿ ಹೇಳು. ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಪೈ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು, ಅಲ್ವಾ? ಲಾಂಡೌ ಚಿತ್ರವನ್ನೇ ಮುಟ್ಟಲಿಲ್ಲ. ತ್ರಿಕೋನಮಿತಿಯಲ್ಲಿ ಬರುವ ಕೊಸೈನನ್ನು ಮುಗಿಯದ ಶ್ರೇಣಿಯಾಗಿ, ಅಂದರೆ ಕೂಡುತ್ತಲೇ ಹೋಗುವ ಪದಗಳ ಸಾಲಾಗಿ ಬರೆದರು. ಸೊನ್ನೆಗಿಂತ ದೊಡ್ಡದಾದ ಯಾವ ಸಂಖ್ಯೆಗೆ ಅದು ಮೊದಲ ಸಲ ಸೊನ್ನೆಯಾಗುತ್ತದೋ, ಅದರ ಎರಡರಷ್ಟು ಪೈ ಎಂದರು. ಎರಡೂ ದಾರಿ ಒಂದೇ 3.14159ಕ್ಕೆ ಮುಟ್ಟುತ್ತವೆ. ಬೀಬರ್‌ಬಾಖ್‌ಗೆ ಮಾತ್ರ ಎರಡನೆಯ ದಾರಿಯಲ್ಲಿ ಪರಕೀಯ ಜನಾಂಗದ ಮನಸ್ಸು ಕಂಡಿತು.

ಚಿತ್ರ ಮೊದಲೋ, ಶ್ರೇಣಿ ಮೊದಲೋ ಅನ್ನುವುದು ಪಾಠ ಹೇಳುವವರ ಪ್ರಾಮಾಣಿಕ ಜಗಳ. ಲಾಂಡೌ ಶೈಲಿ ನನಗೂ ಒಣ ಒಣ ಅನಿಸುತ್ತದೆ. ಆ ರುಚಿಯ ಜಗಳಕ್ಕೆ ಒಂದು ಪ್ಯಾರಾ ಕೊಡು. ಆಮೇಲೆ, ವಿಧಾನದ ಬಗ್ಗೆ ಇದ್ದ ಪ್ರಶ್ನೆ ಮನುಷ್ಯನ ಕುಲದ ಕಡೆ ಹೊರಳಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸು. ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ 1934ರಲ್ಲೇ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದರು.

ಇನ್ನೊಂದು ಮಾತು. ಬೀಬರ್‌ಬಾಖ್, ಟೈಖ್‌ಮ್ಯುಲ್ಲರ್ ಇಬ್ಬರನ್ನೂ ಪೆದ್ದರು ಅಂತ ಬರೆದು ಸುಮ್ನೆ ಗೆಲ್ಲಬೇಡ. ಬೀಬರ್‌ಬಾಖ್ 1916ರಲ್ಲಿ ಮುಂದಿಟ್ಟ ಊಹೆಯೊಂದು ದೊಡ್ಡ ದೊಡ್ಡವರನ್ನು ಕಾಡಿಸಿತು. ಅದು ನಿಜವೆಂದು ಸಾಧಿಸಲು 1980ರ ದಶಕದಲ್ಲಿ ಗಣಿತಜ್ಞ ಲೂಯಿ ದ ಬ್ರಾಂಜ್ ಬರಬೇಕಾಯಿತು. ಟೈಖ್‌ಮ್ಯುಲ್ಲರ್ ಹೆಸರಿನ ಗಣಿತ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಒಂದಷ್ಟು ಮೊದಲು ಅಚ್ಚಾದದ್ದು 1936ರಲ್ಲಿ ಬೀಬರ್‌ಬಾಖ್ ಶುರು ಮಾಡಿದ ‘ಡಾಯ್ಚೆ ಮಾಥೆಮಾಟಿಕ್’ (ಜರ್ಮನ್ ಗಣಿತ) ಪತ್ರಿಕೆಯಲ್ಲಿ, ಜನಾಂಗದ ಪ್ರಚಾರದ ಪಕ್ಕದಲ್ಲೇ. ಓದುಗರಿಗೆ ಕಸಿವಿಸಿ ಆಗಲಿ, ನೀನು ಸಮಾಧಾನ ಹೇಳಲು ಹೋಗಬೇಡ.

ಬಹಿಷ್ಕಾರದ ಕಾರಣಗಳನ್ನು ಟೈಖ್‌ಮ್ಯುಲ್ಲರ್ ಲಾಂಡೌಗೆ ಪತ್ರದಲ್ಲಿ ಬರೆದುಕೊಟ್ಟಿದ್ದ. ಅದು ಉಳಿದಿದೆ. ತಿದ್ದಲು ಕೂರುವ ಮೊದಲು ಅದನ್ನು ಪೂರ್ತಿ ಓದು. ಬೈಗುಳ ಜಾಸ್ತಿ ಇರುತ್ತದೆ ಅಂದುಕೊಂಡು ಹೋಗಬೇಡ, ತುಂಬ ಮರ್ಯಾದೆಯಿಂದ ವಾದ ಮಾಡಿದ್ದಾನೆ.

ನಿನ್ನ ಅಣ್ಣ