ನಿರ್ದೋಷಿಗೆ ಕರುಣೆ ತೋರುವುದು ಸುಲಭ

ಮಾನ್ಯ ಸಂಪಾದಕರೇ,

ಗಿಯೆರ್ಮೊ ದೆಲ್ ತೊರೊ ನಿರ್ದೇಶನದ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಬಗ್ಗೆ ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ವಿಮರ್ಶೆಯನ್ನು ಓದಿದೆ. ನಟನೆ, ಛಾಯಾಗ್ರಹಣ, ವಸ್ತ್ರವಿನ್ಯಾಸಗಳ ಕುರಿತು ವಿಮರ್ಶಕರು ಬರೆದಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮೇರಿ ಶೆಲ್ಲಿಯ ಕಾದಂಬರಿಗೆ ಕೊನೆಗೂ ನಿಷ್ಠವಾದ ಚಿತ್ರವೊಂದು ಬಂತು ಎಂಬ ಅರ್ಥದ ಮಾತನ್ನು ಅವರು ಮೊದಲಲ್ಲೂ ಕೊನೆಯಲ್ಲೂ ಹೇಳಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧದಲ್ಲಿ ಚಿತ್ರವು ಕಾದಂಬರಿಯ ಅತ್ಯಂತ ಕಠಿಣವಾದ ಭಾಗವನ್ನೇ ಕೈಬಿಟ್ಟಿದೆ ಎಂದು ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರವನ್ನು ಇನ್ನೂ ನೋಡದವರು ನೋಡಿದ ಬಳಿಕ ಇದನ್ನು ಓದುವುದು ಒಳ್ಳೆಯದು. ಕಥೆಯ ತಿರುವುಗಳನ್ನು ಹೇಳದೆ ನನ್ನ ವಾದವನ್ನು ಮಂಡಿಸಲಾಗದು.

ಈ ಚಿತ್ರಕ್ಕಾಗಿ ಕಾದವರು ಕಡಿಮೆಯೇನಲ್ಲ. ದೆಲ್ ತೊರೊ ಬಾಲ್ಯದಿಂದಲೂ ಈ ಕಥೆಯ ಗುಂಗಿನಲ್ಲಿದ್ದವರು, ಇದನ್ನು ತೆರೆಗೆ ತರುವ ಆಸೆಯನ್ನು ಬಹಳ ವರ್ಷಗಳಿಂದ ಹೇಳಿಕೊಂಡು ಬಂದವರು. 2025ರ ಆಗಸ್ಟ್ ಕೊನೆಯಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ ನವೆಂಬರ್ 7ರಂದು ನೆಟ್‌ಫ್ಲಿಕ್ಸ್‌ಗೆ ಬಂದಾಗ, ಕಾದಂಬರಿಯನ್ನು ಓದಿದ ನನ್ನಂಥವರಿಗೆ ಇದ್ದ ಕುತೂಹಲ ಮುಖ್ಯವಾಗಿ ಒಂದೇ: ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹೆಣಗಳ ಅಂಗಾಂಗಗಳಿಂದ ಸೃಷ್ಟಿಸಿದ ಆ ಜೀವಿ ಈ ಸಲವಾದರೂ ಬಾಯಿಬಿಟ್ಟು ತನ್ನ ಕಥೆಯನ್ನು ತಾನೇ ಹೇಳುತ್ತಾನೆಯೇ?

ಕಾದಂಬರಿಯಲ್ಲಿ ಅವನು ಮಾತುಗಾರ. ಗೋಡೆಯಾಚೆಯ ಕುಟುಂಬವೊಂದರ ಮಾತನ್ನು ಕದ್ದು ಕೇಳಿ ಭಾಷೆ ಕಲಿಯುತ್ತಾನೆ, ಮಿಲ್ಟನ್, ಪ್ಲುಟಾರ್ಕ್, ಗಯಟೆಯರ ಪುಸ್ತಕಗಳನ್ನು ಓದುತ್ತಾನೆ, ಆಲ್ಪ್ಸ್‌ನ ಹಿಮದ ನಡುವೆ ತನ್ನ ಸೃಷ್ಟಿಕರ್ತನನ್ನು ಎದುರು ಕೂರಿಸಿಕೊಂಡು ನ್ಯಾಯಾಲಯದಲ್ಲಿ ವಾದಿಸುವವನ ಹಾಗೆ ವಾದಿಸುತ್ತಾನೆ. ಈ ಮಾತನ್ನು ಅವನಿಂದ ಕಸಿದುಕೊಂಡದ್ದು ಸಿನಿಮಾ ಎಂದು ನಾವು ಭಾವಿಸಿದ್ದೇವೆ. ನಿಜವಾಗಿ ಅದಕ್ಕೂ ಬಹಳ ಹಿಂದೆ ರಂಗಭೂಮಿಯೇ ಆ ಕೆಲಸ ಮಾಡಿತ್ತು. ಪುಸ್ತಕ ಪ್ರಕಟವಾದದ್ದು 1818ರಲ್ಲಿ, ಲೇಖಕಿಯ ಹೆಸರಿಲ್ಲದೆ. ಐದೇ ವರ್ಷಗಳಲ್ಲಿ, 1823ರಲ್ಲಿ, ಲಂಡನ್ನಿನ ವೇದಿಕೆಗೆ ಬಂದ ನಾಟಕದಲ್ಲಿ ಆ ಜೀವಿ ಮೂಕ. ಮೇರಿ ಶೆಲ್ಲಿ ಸ್ವತಃ ಹೋಗಿ ಆ ನಾಟಕವನ್ನು ನೋಡಿದರು. ಪಾತ್ರಧಾರಿಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದನ್ನು ಕಂಡು ಅವರಿಗೆ ಖುಷಿಯಾಯಿತಂತೆ. 1931ರಲ್ಲಿ ಜೇಮ್ಸ್ ವೇಲ್ ಮಾಡಿದ ಚಿತ್ರದ ಆರಂಭದ ಶೀರ್ಷಿಕೆಗಳಲ್ಲಿಯೂ ಆ ಪಾತ್ರದ ಎದುರು ನಟನ ಹೆಸರಿಲ್ಲದೆ ಪ್ರಶ್ನಾರ್ಥಕ ಚಿಹ್ನೆಯಷ್ಟೇ ಇತ್ತು. ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಅದ್ಭುತ ನಟ. ಗೊರಗುಟ್ಟುವ ದನಿ, ತಡವರಿಸುವ ಕೈಗಳಿಂದಲೇ ಮರುಕ ಹುಟ್ಟಿಸಿದರು. ಆದರೂ ಚಪ್ಪಟೆ ತಲೆ, ಕುತ್ತಿಗೆಯ ಲೋಹದ ಮೊಳೆಗಳ ಆ ರೂಪವೇ ಜಗತ್ತಿನ ಕಣ್ಣಲ್ಲಿ ನಿಂತುಬಿಟ್ಟಿತು, ಓದುವ, ವಾದಿಸುವ ಆ ಜೀವಿ ಪುಸ್ತಕದಲ್ಲೇ ಉಳಿದ.

ಹೊಸ ಚಿತ್ರದ ದೊಡ್ಡ ಕೊಡುಗೆಯೆಂದರೆ ಆ ದನಿಯನ್ನು ಮರಳಿ ಕೊಟ್ಟಿರುವುದು. ಮೊದಲ ಭಾಗವನ್ನು ವಿಕ್ಟರ್ ಹೇಳುತ್ತಾನೆ, ಎರಡನೆಯದನ್ನು ಅವನು ಸೃಷ್ಟಿಸಿದ ಜೀವಿ. ಕೇಳುವವನು ಹಿಮದಲ್ಲಿ ಸಿಕ್ಕಿಬಿದ್ದ ಹಡಗಿನ ಕಪ್ತಾನ. ಈ ಕಟ್ಟು ಬಹುಮಟ್ಟಿಗೆ ಕಾದಂಬರಿಯದೇ. ಮೊದಮೊದಲು ‘ವಿಕ್ಟರ್’ ಎಂಬ ಒಂದೇ ಪದವನ್ನು ಬಲ್ಲ, ಆ ಒಂದು ಪದದಲ್ಲೇ ಹಸಿವು, ಭಯ, ಕರೆ, ಬೇಡಿಕೆಗಳನ್ನೆಲ್ಲ ಹೇಳಬೇಕಾದ ಆ ಜೀವಿಯನ್ನು ಜೇಕಬ್ ಎಲೋರ್ಡಿ ನಟಿಸಿರುವ ಬಗೆ ಮನಸ್ಸಿನಲ್ಲಿ ಉಳಿಯುವಂಥದ್ದು. ಕುರುಡ ಮುದುಕನ ಮನೆಯಲ್ಲಿ ಅವನು ಓದಲು ಕಲಿಯುವ ದೃಶ್ಯಗಳ ಬಗ್ಗೆ ನಿಮ್ಮ ವಿಮರ್ಶಕರು ಒಂದೇ ಸಾಲು ಬರೆದಿದ್ದಾರೆ. ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಹಿಡಿಸಿದ್ದು ಅದೇ ಭಾಗ. ಇಂಥ ದೊಡ್ಡ ಸೆಟ್ಟುಗಳ, ಕತ್ತಲೆಬೆಳಕಿನ ಚಿತ್ರವನ್ನು ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದಾರೆ ಎಂಬುದು ಬೇರೆಯೇ ಸಂಕಟ, ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಕಥೆಯನ್ನು ಬದಲಿಸಿದ್ದೇ ತಪ್ಪು ಎಂಬ ವಾದವೂ ನನ್ನದಲ್ಲ. ಮೂಲ ಎಂದು ನಾವು ಹಿಡಿದುಕೊಂಡಿರುವ ಪುಸ್ತಕವೇ ಎರಡು ರೂಪಗಳಲ್ಲಿದೆ. 1831ರ ಆವೃತ್ತಿಗೆ ಮೇರಿ ಶೆಲ್ಲಿ ತಮ್ಮ ಕೈಯಾರೆ ತಿದ್ದುಪಡಿ ಮಾಡಿದರು: 1818ರಲ್ಲಿ ವಿಕ್ಟರ್‌ನ ಸೋದರ ಸಂಬಂಧಿಯಾಗಿದ್ದ ಎಲಿಜಬೆತ್ ಅಲ್ಲಿ ಮನೆಯವರು ಸಾಕಲು ತಂದ ಅನಾಥ ಹುಡುಗಿಯಾದಳು, ವಿಕ್ಟರ್‌ನ ನಿರ್ಧಾರಗಳ ಮೇಲೆ ವಿಧಿಯ ನೆರಳು ದಟ್ಟವಾಯಿತು. ಲೇಖಕಿಯೇ ಮರುನಿರೂಪಿಸಿದ ಕಥೆಯನ್ನು ಇನ್ನೊಬ್ಬರು ಮರುನಿರೂಪಿಸಬಾರದು ಎನ್ನಲು ನಾವು ಯಾರು? ದೆಲ್ ತೊರೊ ಕಥೆಯನ್ನು ಹದಿನೆಂಟನೆಯ ಶತಮಾನದಿಂದ ಎತ್ತಿ 1850ರ ದಶಕದ ಕ್ರಿಮಿಯನ್ ಯುದ್ಧದ ಕಾಲಕ್ಕೆ ತಂದದ್ದನ್ನು ನಾನು ಮೆಚ್ಚುತ್ತೇನೆ. ಕಾದಂಬರಿಯ ವಿಕ್ಟರ್ ಹೆಣಗಳ ಅಂಗಾಂಗಗಳನ್ನು ಶವಾಗಾರ, ಕಸಾಯಿಖಾನೆಗಳಿಂದ ಕದ್ದುಮುಚ್ಚಿ ತರುತ್ತಾನೆ. ಚಿತ್ರದ ವಿಕ್ಟರ್‌ಗೆ ರಣರಂಗವೇ ಉಗ್ರಾಣ, ಯುದ್ಧಸಾಮಗ್ರಿ ಮಾರಿ ಹಣ ಮಾಡಿದ ಶ್ರೀಮಂತನೇ ಪೋಷಕ. ಒಬ್ಬ ವಿದ್ಯಾರ್ಥಿಯ ಗುಟ್ಟಿನ ಹುಚ್ಚಾಗಿದ್ದುದು ಬಂಡವಾಳ ಹೂಡಿದ ಯೋಜನೆಯಾಗುತ್ತದೆ. ಇದು ಕಥೆಗೆ ಹೊಸ ಅರ್ಥವನ್ನು ಕೊಡುವ ಬದಲಾವಣೆ.

ನನ್ನ ಆಕ್ಷೇಪ ಇರುವುದು ಜಸ್ಟಿನ್ ಎಂಬ ಹುಡುಗಿಯನ್ನು ಚಿತ್ರದಿಂದ ಅಳಿಸಿಹಾಕಿದ್ದಕ್ಕೆ ಮತ್ತು ವಿಲಿಯಂ ಎಂಬ ಮಗುವನ್ನು ವಯಸ್ಕನನ್ನಾಗಿ ಮಾಡಿದ್ದಕ್ಕೆ.

ಕಾದಂಬರಿಯಲ್ಲಿ ವಿಲಿಯಂ ವಿಕ್ಟರ್‌ನ ಪುಟ್ಟ ತಮ್ಮ. ಜಗತ್ತಿನಿಂದ ಏಟು ತಿಂದು ಅಲೆಯುತ್ತಿದ್ದ ಆ ಜೀವಿ, ಮಗುವಿಗಾದರೂ ತನ್ನ ಮೇಲೆ ದ್ವೇಷ ಇರಲಾರದು ಎಂದು ಅವನನ್ನು ಹಿಡಿದುಕೊಳ್ಳುತ್ತಾನೆ. ಹುಡುಗ ಚೀರುತ್ತ ಫ್ರಾಂಕೆನ್‌ಸ್ಟೈನ್ ಮನೆತನದ ಹೆಸರು ಹೇಳಿದ ಕೂಡಲೇ ಕುತ್ತಿಗೆ ಹಿಸುಕಿ ಕೊಲ್ಲುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಹುಡುಗನ ಕೊರಳಲ್ಲಿದ್ದ ತಾಯಿಯ ಚಿಕ್ಕ ಚಿತ್ರವನ್ನು ಕಿತ್ತುಕೊಂಡು, ಕೊಟ್ಟಿಗೆಯೊಂದರಲ್ಲಿ ಮಲಗಿದ್ದ ಮನೆಗೆಲಸದ ಹುಡುಗಿ ಜಸ್ಟಿನ್‌ಳ ಬಟ್ಟೆಯಲ್ಲಿ ಸಿಕ್ಕಿಸಿ ಹೋಗುತ್ತಾನೆ. ಅವಳು ಯಾರಿಗೂ ಕೇಡು ಮಾಡಿದವಳಲ್ಲ. ಚಿತ್ರ ಸಿಕ್ಕಿದ್ದೇ ಸಾಕ್ಷಿಯಾಗುತ್ತದೆ. ಪಾದ್ರಿಯ ಬೆದರಿಕೆಗೆ ಹೆದರಿ ಮಾಡದ ಕೊಲೆಯನ್ನು ಅವಳು ಒಪ್ಪಿಕೊಳ್ಳುತ್ತಾಳೆ, ಗಲ್ಲಿಗೇರುತ್ತಾಳೆ. ನಿಜವಾದ ಕೊಲೆಗಾರ ಯಾರೆಂದು ವಿಕ್ಟರ್‌ನ ಮನಸ್ಸಿಗೆ ಖಚಿತವಾಗಿ ಹೊಳೆದಿರುತ್ತದೆ. ಹೇಳಿದರೆ ಜನ ತನ್ನನ್ನು ಹುಚ್ಚನೆಂದಾರು ಎಂದುಕೊಂಡು ಬಾಯಿಮುಚ್ಚಿಕೊಂಡಿರುತ್ತಾನೆ. ಸೃಷ್ಟಿಸಿದವನ ಮೌನ, ಸೃಷ್ಟಿಯಾದವನ ಕುತಂತ್ರ, ಇವೆರಡರ ನಡುವೆ ಸಿಕ್ಕಿ ಸತ್ತವಳು ಒಬ್ಬ ಬಡ ಕೆಲಸದ ಹುಡುಗಿ. ಇಡೀ ಪುಸ್ತಕದಲ್ಲಿ ನನ್ನನ್ನು ಹೆದರಿಸುವುದು ಈ ಅಧ್ಯಾಯಗಳೇ ಹೊರತು ಪ್ರಯೋಗಶಾಲೆಯ ದೃಶ್ಯವಲ್ಲ. ಪ್ರಯೋಗಶಾಲೆಯ ವಿವರ ಕಾದಂಬರಿಯಲ್ಲಿ ಇರುವುದೂ ಅಷ್ಟಕ್ಕಷ್ಟೆ; ಮಿಂಚು, ಗೋಪುರ, ಯಂತ್ರಗಳೆಲ್ಲ ಸಿನಿಮಾದವರು ಸೇರಿಸಿದ ಸಂಭ್ರಮ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 1816ರ ಜನವರಿಯಲ್ಲಿ ಮೇರಿಗೆ ಒಬ್ಬ ಮಗ ಹುಟ್ಟಿದ್ದ. ಅದಕ್ಕೂ ಹಿಂದಿನ ವರ್ಷ ಅವಧಿಗೆ ಮುನ್ನ ಹುಟ್ಟಿದ ಹೆಣ್ಣುಮಗುವನ್ನು ಅವರು ಕಳೆದುಕೊಂಡಿದ್ದರು. ಅದೇ 1816ರ ಮಳೆಯ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ, ಕವಿ ಬೈರನ್ ಹಾಕಿದ ದೆವ್ವದ ಕಥೆಯ ಪಂಥಕ್ಕೆ ಉತ್ತರವಾಗಿ ಹದಿನೆಂಟರ ಆ ತಾಯಿ ಈ ಕಥೆಯನ್ನು ಬರೆಯತೊಡಗಿದಾಗ ಹತ್ತಿರದಲ್ಲೇ ಇದ್ದ ಎಳೆಗೂಸಿನ ಹೆಸರು ವಿಲಿಯಂ. ಕಥೆಯಲ್ಲಿ ಕೊಲೆಯಾಗುವ ಮಗುವಿಗೆ ಅವರು ಇಟ್ಟದ್ದು ತಮ್ಮ ಮಗನ ಹೆಸರನ್ನೇ. ಆ ಜೀವಿಯ ಮೇಲೆ ಓದುಗರಿಗೆ ಮರುಕ ಹುಟ್ಟಿಸಬೇಕೆಂದು ಇಷ್ಟು ಶ್ರಮಪಟ್ಟ ಲೇಖಕಿ, ಅವನ ಕೈಯಲ್ಲಿ ತನ್ನ ಮಗನ ಹೆಸರಿನ ಮಗುವನ್ನೇ ಸಾಯಿಸುವ ಧೈರ್ಯ ತೋರಿದರು. ಅವನನ್ನು ನಿರಪರಾಧಿಯೆಂದು ತೋರಿಸುವ ಸುಲಭದ ದಾರಿ ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬೇಡವಾಗಿತ್ತು.

ಹೊಸ ಚಿತ್ರ ಆ ಸುಲಭದ ದಾರಿಯನ್ನೇ ಹಿಡಿದಿದೆ. ಇಲ್ಲಿ ವಿಲಿಯಂ ಬೆಳೆದು ನಿಂತ ಮದುಮಗ; ಗಲಾಟೆಯ ನಡುವೆ ಪೆಟ್ಟು ತಿಂದು ಸಾಯುತ್ತಾನೆ, ಸಾಯುವಾಗ ಅಣ್ಣನನ್ನೇ ರಾಕ್ಷಸನೆಂದು ಕರೆಯುತ್ತಾನೆ. ಕಾದಂಬರಿಯಲ್ಲಿ ವಿಕ್ಟರ್‌ನನ್ನು ಮದುವೆಯಾದ ರಾತ್ರಿಯೇ ಎಲಿಜಬೆತ್‌ಳನ್ನು ಸೇಡಿಗಾಗಿ ಕೊಲ್ಲುವವನು ಆ ಜೀವಿ. ಚಿತ್ರದಲ್ಲಿ ಅವಳಿಗೆ ತಗಲುವುದು ವಿಕ್ಟರ್ ಹಾರಿಸಿದ ಗುಂಡು. ಗೆಳೆಯ ಕ್ಲೆರ್ವಲ್ ಚಿತ್ರದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅವನ ಕೊಲೆಯೂ ಇಲ್ಲ. ಕುರುಡ ಮುದುಕನನ್ನು ತೋಳಗಳು ಕೊಲ್ಲುತ್ತವೆ, ಆಪಾದನೆ ಮಾತ್ರ ಆ ಜೀವಿಯ ಮೇಲೆ ಬರುತ್ತದೆ. ಹೀಗೆ ಒಂದೊಂದೇ ಸಾವಿನ ಹೊಣೆಯನ್ನು ಅವನ ಹೆಗಲಿನಿಂದ ಇಳಿಸುತ್ತ ಹೋಗಲಾಗಿದೆ. ಹಾಗೆಂದು ಅವನು ಯಾರನ್ನೂ ಕೊಲ್ಲದವನೇನಲ್ಲ. ಚಿತ್ರದ ಆರಂಭದಲ್ಲೇ ಹಡಗಿನ ಹಲವು ನಾವಿಕರನ್ನು ಎತ್ತಿ ಎಸೆದು ಸಾಯಿಸುತ್ತಾನೆ. ಆದರೆ ಆ ನಾವಿಕರಿಗೆ ಹೆಸರಿಲ್ಲ, ಅವರಿಗಾಗಿ ಅಳುವವರನ್ನು ಚಿತ್ರ ತೋರಿಸುವುದಿಲ್ಲ. ಕೊನೆಗೆ ಅವನು ಹಡಗನ್ನು ಹಿಮದಿಂದ ಬಿಡಿಸಿಕೊಟ್ಟ ಮೇಲೆ ಆ ಸಾವುಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಕಾದಂಬರಿಯಲ್ಲಿ ಅವನು ನಾವಿಕರನ್ನು ಮುಟ್ಟುವುದಿಲ್ಲ. ಅಲ್ಲಿ ಅವನಿಂದ ಸತ್ತವರೆಲ್ಲರಿಗೂ ಹೆಸರಿದೆ, ನಾವು ಅವರನ್ನು ಬಲ್ಲೆವು, ಅವರಿಗಾಗಿ ಅಳುವವರನ್ನೂ ಬಲ್ಲೆವು. ಎರಡರಲ್ಲಿ ಹೆಚ್ಚು ಮಾನವೀಯವಾದದ್ದು ಯಾವುದೆಂದು ವಿಮರ್ಶಕರು ಯೋಚಿಸಬೇಕಿತ್ತು.

ನಿಮ್ಮ ವಿಮರ್ಶೆಯಲ್ಲಿ ಈ ಕಥೆಯನ್ನು ಭಸ್ಮಾಸುರನ ಕಥೆಗೆ ಹೋಲಿಸಲಾಗಿದೆ. ನಮ್ಮಲ್ಲಿ ಇದು ರೂಢಿಯ ಹೋಲಿಕೆ, ಆದರೆ ಸರಿಹೊಂದುವುದಿಲ್ಲ. ಭಸ್ಮಾಸುರ ಬೇಡಿದ ವರ ಅವನಿಗೆ ದಕ್ಕಿತ್ತು. ಈ ಜೀವಿಗೆ ಒಂದು ಹೆಸರೂ ದಕ್ಕಲಿಲ್ಲ. ಹೋಲಿಸಲೇಬೇಕೆಂದರೆ ಹುಟ್ಟಿಸಿದವರೇ ತೊರೆದ ಕರ್ಣ ಇವನಿಗೆ ಹತ್ತಿರದವನು. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ ಪಂಪನ ನಾಡಿನವರಾದ ನಮಗೆ ಆ ಮರುಕವನ್ನು ಯಾರೂ ಕಲಿಸಬೇಕಿಲ್ಲ. ಆದರೆ ದ್ಯೂತಸಭೆಯಲ್ಲಿ ದ್ರೌಪದಿಯ ಬಗ್ಗೆ ಅವನು ಆಡಿದ ಮಾತುಗಳನ್ನು ವ್ಯಾಸರು ಅಳಿಸಲಿಲ್ಲ. ಆ ಮಾತುಗಳನ್ನು ಕೇಳಿಸಿಕೊಂಡ ಮೇಲೂ ರಥದ ಗಾಲಿ ಹೂತುಹೋದಾಗ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಅಂಥ ಮರುಕಕ್ಕೆ ಬೆಲೆಯಿದೆ, ಏಕೆಂದರೆ ಅದು ಸುಲಭಕ್ಕೆ ಬಂದದ್ದಲ್ಲ. ದೆಲ್ ತೊರೊ ನಮ್ಮಿಂದ ಬೇಡುವುದು ತಪ್ಪೇ ಮಾಡದವನಿಗೆ ಕಣ್ಣೀರು. ಅದನ್ನು ಕೊಡಲು ಯಾರಿಗೆ ಕಷ್ಟ?

ಅಂತ್ಯದಲ್ಲಿಯೂ ಇದೇ ಆಗಿದೆ. ಚಿತ್ರದಲ್ಲಿ ಸಾಯುತ್ತಿರುವ ವಿಕ್ಟರ್ ಕ್ಷಮೆ ಕೇಳುತ್ತಾನೆ, ಆ ಜೀವಿಯನ್ನು ಮಗನೆಂದು ಕರೆಯುತ್ತಾನೆ, ಆ ಜೀವಿ ಕ್ಷಮಿಸುತ್ತಾನೆ. ದೃಶ್ಯ ಮನಮುಟ್ಟುವಂತಿದೆ ಎಂಬುದನ್ನು ಅಲ್ಲಗಳೆಯಲಾರೆ. ಕಾದಂಬರಿಯ ವಿಕ್ಟರ್ ತನ್ನ ನಡತೆಯನ್ನು ಹಿಂತಿರುಗಿ ನೋಡಿದಾಗ ದೂಷಿಸುವಂಥದ್ದೇನೂ ಕಾಣುತ್ತಿಲ್ಲ ಎಂದೇ ಹೇಳಿ ಸಾಯುತ್ತಾನೆ. ಆ ಜೀವಿ ಬರುವ ಹೊತ್ತಿಗೆ ಅವನ ಉಸಿರು ನಿಂತಿರುತ್ತದೆ. ಕ್ಷಮೆ ಕೇಳಬೇಕಾದವನು ಕೇಳಲಿಲ್ಲ, ತಾನು ಕೇಳೋಣವೆಂದರೆ ಕೇಳಿಸಿಕೊಳ್ಳುವವನಿಲ್ಲ. ಶವದ ಮುಂದೆ ನಿಂತು ತನ್ನ ಕೊಲೆಗಳಿಗಾಗಿ ತನ್ನನ್ನೇ ಹಳಿದುಕೊಂಡು, ಚಿತೆಯೇರುತ್ತೇನೆಂದು ಹೇಳಿ ಅವನು ಕತ್ತಲಲ್ಲಿ ಮರೆಯಾಗುತ್ತಾನೆ. ತಂದೆ ಮಗನ ರಾಜಿಯಲ್ಲಿ ಮುಗಿಸುವುದು ನಿರ್ದೇಶಕರ ಹಕ್ಕು. ಅವರಿಗೆ ಹೇಳಬೇಕಾಗಿದ್ದ ಕಥೆ ಅದೇ ಎಂದು ತೋರುತ್ತದೆ, ವಿಕ್ಟರ್‌ಗೆ ಹೊಡೆದು ಬಡಿದು ಪಾಠ ಹೇಳುವ ಕ್ರೂರಿ ತಂದೆಯನ್ನು ಕೊಟ್ಟಿರುವುದೂ ಆ ಕಾರಣಕ್ಕೇ. ಕಾದಂಬರಿಯ ತಂದೆ ಮಮತೆಯುಳ್ಳವನು. ಒಳ್ಳೆಯ ಮನೆಯಲ್ಲಿ ಪ್ರೀತಿಯಿಂದ ಬೆಳೆದವನೂ ತಾನು ಹುಟ್ಟಿಸಿದ್ದನ್ನು ಬಿಟ್ಟು ಓಡಿಹೋಗಬಲ್ಲ ಎಂದು ಮೇರಿ ಶೆಲ್ಲಿ ಬರೆದರು, ಹೊಡೆಸಿಕೊಂಡವನು ಹೊಡೆಯುತ್ತಾನೆ ಎಂದು ದೆಲ್ ತೊರೊ ಹೇಳುತ್ತಾರೆ. ಎರಡನೆಯದು ನಮಗೆ ಹೆಚ್ಚು ಪರಿಚಿತ, ಆದ್ದರಿಂದಲೇ ಕಡಿಮೆ ಭಯಾನಕ.

ಇಷ್ಟಾದರೂ ಈ ಚಿತ್ರವನ್ನು ನೋಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಪರಿಚಯದ ಹಲವರಿಗೆ ನೋಡಿ ಎಂದೇ ಹೇಳಿದ್ದೇನೆ. ನಿಮ್ಮಲ್ಲಿ ನನ್ನ ಕೋರಿಕೆ ಬೇರೆ. ಪ್ರಸಿದ್ಧ ಕೃತಿಯೊಂದು ಮತ್ತೆ ತೆರೆಗೆ ಬಂದಾಗ ಅದು ಮೂಲಕ್ಕೆ ನಿಷ್ಠವೆಂದೋ ಅಲ್ಲವೆಂದೋ ಒಂದು ಸಾಲಿನ ತೀರ್ಪು ಕೊಡುವ ಬದಲು, ಏನನ್ನು ಉಳಿಸಿಕೊಳ್ಳಲಾಗಿದೆ, ಏನನ್ನು ಬಿಡಲಾಗಿದೆ, ಬಿಟ್ಟದ್ದರಿಂದ ಕಥೆಯ ಅರ್ಥ ಯಾವ ಕಡೆಗೆ ವಾಲಿತು ಎಂಬುದನ್ನು ಪುಸ್ತಕ ಓದಿದವರೊಬ್ಬರಿಂದ ಬರೆಸಿ. ಕಾದಂಬರಿಯ ಹಕ್ಕುಸ್ವಾಮ್ಯ ಮುಗಿದು ಯಾವುದೋ ಕಾಲವಾಗಿದೆ, ಇಂಗ್ಲಿಷ್ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ, ಗಾತ್ರವೂ ದೊಡ್ಡದಲ್ಲ. ಪುರವಣಿಯ ಮುಂದಿನ ಸಂಚಿಕೆಗಳಲ್ಲಿ ಎಲ್ಲಾದರೂ ಸ್ಥಳವಿದ್ದರೆ ಜಸ್ಟಿನ್‌ಳ ವಿಚಾರಣೆಯ ಆ ಒಂದು ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಬಹುದೇ ಎಂದು ದಯವಿಟ್ಟು ಪರಿಶೀಲಿಸಿ. ಚಿತ್ರ ನೋಡಿದವರು ಅದನ್ನು ಓದಿ ಏನು ಹೇಳುತ್ತಾರೆಂದು ತಿಳಿಯುವ ಆಸೆ ನನಗಿದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿವಮೊಗ್ಗ