ಎಲೆಕ್ಷನ್‌ಗೆ ನಿಲ್ಲಲು ಹೊರಟ ಮಗಳಿಗೊಂದು ಪತ್ರ

ಕ್ಯಾಲ್ಗರಿ

ಪ್ರೀತಿಯ ಪುಟ್ಟಿಗೆ,

ಭಾನುವಾರ ಏನೇನು ಮಾತಾಯಿತು ಅಂತ ಇಬ್ಬರಿಗೂ ನೆನಪಿದೆ. ಅದನ್ನೆಲ್ಲ ಮತ್ತೆ ಬರೆಯಲ್ಲ. ಅಷ್ಟು ಜೋರು ಮಾಡಿದ್ದಕ್ಕೆ ಬೇಜಾರಾಗಿದೆ, ಅದೊಂದು ಮಾತ್ರ ಹೇಳುತ್ತೇನೆ. ಫೋನಿನಲ್ಲಿ ಶುರು ಮಾಡಿದರೆ ನೀನು ಕೋರ್ಟಿನಲ್ಲಿ ವಾದ ಮಾಡುವ ಹಾಗೆ ಮಾತಾಡುತ್ತೀಯ, ನನಗೆ ಹೇಳಬೇಕಾದ್ದು ಮರೆತೇ ಹೋಗುತ್ತದೆ. ಅದಕ್ಕೇ ಪತ್ರ.

"ಬೆನೆಟ್ ಕೂಡ ಇದೇ ಊರಿನ ಲಾಯರ್ ಅಲ್ವಾ ಅಪ್ಪ? ಅವನು ಕೆನಡಾದ ಪ್ರಧಾನಿ ಆಗಲಿಲ್ವಾ?" ಅಂದೆ ನೀನು. ಆ ಕಥೆ ನಿನಗೆ ಹೇಳಿದವನೇ ನಾನು. ಸಣ್ಣವಳಿದ್ದಾಗ ನಿನ್ನನ್ನು ಲಾಹೀಡ್ ಹೌಸ್ ನೋಡಲು ಕರೆದುಕೊಂಡು ಹೋಗಿ, ಈ ಕಲ್ಲಿನ ಮನೆಯ ಯಜಮಾನನ ಜೊತೆ ಸೇರಿ ವಕೀಲಿಕೆ ಮಾಡಲು ಒಬ್ಬ ಹುಡುಗ ದೇಶದ ಆ ತುದಿಯಿಂದ ಬಂದಿದ್ದ ಅಂತ ಹೇಳಿದ್ದೆ. ಮಕ್ಕಳಿಗೆ ಹೇಳುವಷ್ಟು ಹೇಳಿ ಅಲ್ಲಿಗೇ ನಿಲ್ಲಿಸಿದ್ದೆ. ಈಗ ನೀನು ಅದೇ ದಾರಿಗೆ ಹೊರಟಿದ್ದೀಯ. ಉಳಿದಿದ್ದನ್ನೂ ಕೇಳು.

ಮೊದಲ ಭಾಗ ನಿನಗೆ ಗೊತ್ತಿರುವುದೇ. ರಿಚರ್ಡ್ ಬೆಡ್‌ಫರ್ಡ್ ಬೆನೆಟ್ ಹುಟ್ಟಿದ್ದು 1870ರಲ್ಲಿ, ನ್ಯೂ ಬ್ರನ್ಸ್‌ವಿಕ್‌ನ ಹೋಪ್‌ವೆಲ್ ಹಿಲ್‌ನಲ್ಲಿ. ಮನೆಯವರದು ಹಡಗು ಕಟ್ಟುವ ಕೆಲಸ. ಮರದ ಹಡಗುಗಳ ಕಾಲ ಮುಗಿದು ಸಂಸಾರ ಬಡವಾಯಿತು. ಹುಡುಗ ಮೇಷ್ಟ್ರಾಗಿ ದುಡಿದು, ದುಡ್ಡು ಕೂಡಿಟ್ಟು, ಡಲ್ಹೌಸಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. 1897ರಲ್ಲಿ ಕ್ಯಾಲ್ಗರಿಗೆ ಬಂದ. ಆಗ ಇದು ಕೆಲವೇ ಸಾವಿರ ಜನರ ಊರು. ಮರುವರ್ಷವೇ ಚುನಾವಣೆ ಗೆದ್ದ. 1905ರಲ್ಲಿ ಆಲ್ಬರ್ಟಾ ಪ್ರಾಂತ್ಯ ಹುಟ್ಟಿದಾಗ ಕನ್ಸರ್ವೇಟಿವ್ ಪಕ್ಷದ ನಾಯಕನಾಗಿ ತನ್ನ ಕ್ಷೇತ್ರದಲ್ಲೇ ಸೋತ. 1911ರಲ್ಲಿ ಗೆದ್ದು ರಾಜಧಾನಿ ಒಟ್ಟಾವಾದ ಸಂಸತ್ತಿಗೆ ಹೋದ. 1921ರಲ್ಲಿ ದೇಶದ ನ್ಯಾಯಮಂತ್ರಿ ಆಗಿದ್ದುಕೊಂಡೇ ಕ್ಯಾಲ್ಗರಿಯಲ್ಲಿ 16 ವೋಟಿನಿಂದ ಸೋತ. ಬರೀ 16! ಸೋಲು ನಿನಗೂ ಬರಬಹುದು ಪುಟ್ಟಿ, ಅದರ ಬಗ್ಗೆ ನನಗೆ ಭಯವಿಲ್ಲ. ಸೋತರೆ ನೀನು ಮನೆಗೆ ಬರುತ್ತೀಯ, ನಿಮ್ಮಮ್ಮ ಬಿಸಿಬೇಳೆಬಾತ್ ಮಾಡುತ್ತಾಳೆ, ನಾಲ್ಕು ದಿನಕ್ಕೆ ಸರಿ ಹೋಗುತ್ತೀಯ.

ನನ್ನ ಭಯ ಗೆದ್ದ ಮೇಲಿನದು.

ಬೆನೆಟ್ ಮದುವೆ ಆಗಲಿಲ್ಲ. ನಾನು ಮದುವೆಯ ವಿಷಯ ತೆಗೆಯುತ್ತಿದ್ದೇನೆ ಅಂದುಕೊಳ್ಳಬೇಡ, ಅದು ನಿನ್ನಿಷ್ಟ. ನಾನು ಹೇಳುವುದು ಮನೆಯ ವಿಷಯ. ಅವನು ಕ್ಯಾಲ್ಗರಿಯಲ್ಲಿ ಇದ್ದದ್ದು ಪ್ಯಾಲಿಸರ್ ಹೋಟೆಲಿನಲ್ಲಿ. ಪ್ರಧಾನಿಯಾದ ಮೇಲೆ ಒಟ್ಟಾವಾದಲ್ಲಿ ಇದ್ದದ್ದೂ ಶಾತೋ ಲಾರಿಯೆ ಹೋಟೆಲಿನಲ್ಲಿ. ದುಡ್ಡಿಗೇನೂ ಕಡಿಮೆ ಇರಲಿಲ್ಲ, ಬೆಂಕಿಪೊಟ್ಟಣದ ಎಡ್ಡಿ ಕಂಪನಿಯ ಪಾಲು ಅವನ ಕೈಗೆ ಬಂದಿತ್ತು. ತಂಗಿ ಮಿಲ್ಡ್ರೆಡ್ ಜೊತೆಗಿದ್ದಳು. 1931ರಲ್ಲಿ ಅವಳ ಮದುವೆಯಾಯಿತು, ಗಂಡ ಕೆನಡಾದ ರಾಯಭಾರಿಯಾಗಿ ವಾಷಿಂಗ್ಟನ್‌ಗೆ ಹೋದ, ಅವಳೂ ಹೋದಳು. ಆಮೇಲೆ ಆ ಹೋಟೆಲ್ ಕೋಣೆಗೆ ರಾತ್ರಿ ಹೋದರೆ "ಇವತ್ತು ನೀನು ಮಾಡಿದ್ದು ಸರಿಯಿಲ್ಲ" ಅಂತ ಹೇಳುವವರು ಯಾರಿದ್ದರು? ಪ್ಯಾಲಿಸರ್ ಮುಂದೆ ಹೋಗುವಾಗೆಲ್ಲ ನನಗೆ ಇದೇ ಯೋಚನೆ.

ಆಫೀಸಿನಲ್ಲೂ ಹಾಗೇ. ಪ್ರಧಾನಿ ಅವನೇ, ವಿದೇಶಾಂಗ ಮಂತ್ರಿ ಅವನೇ, ಮೊದಲ ಒಂದೂವರೆ ವರ್ಷ ಹಣಕಾಸು ಮಂತ್ರಿಯೂ ಅವನೇ. ಒಬ್ಬನೇ ಗೊಣಗಿಕೊಳ್ಳುತ್ತಾ ಹೋಗುವುದನ್ನು ನೋಡಿದರೆ ಕ್ಯಾಬಿನೆಟ್ ಸಭೆ ನಡೀತಿದೆ ಅಂತ ಆಗಿನ ಜನ ಆಡಿಕೊಳ್ಳುತ್ತಿದ್ದರು. ನನಗೆ ಅದರಲ್ಲಿ ನಗು ಬರುವುದಿಲ್ಲ.

ಕಾಲವೂ ಕೆಟ್ಟದ್ದಾಗಿತ್ತು. 1930ರಲ್ಲಿ ಅವನು ಪ್ರಧಾನಿಯಾದಾಗ ಮಹಾ ಆರ್ಥಿಕ ಕುಸಿತ ಶುರುವಾಗಿತ್ತು. 1933ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೆಲಸ ಇರಲಿಲ್ಲ. ನಮ್ಮ ಈ ಬಯಲು ಸೀಮೆಯಲ್ಲಿ ಬರ, ಧೂಳು. ಪೆಟ್ರೋಲಿಗೆ ದುಡ್ಡಿಲ್ಲದ ರೈತರು ಕಾರಿನ ಇಂಜಿನ್ ಕಿತ್ತುಹಾಕಿ ಕುದುರೆ ಕಟ್ಟಿ ಓಡಿಸಿದರು. ಅದಕ್ಕೆ ಇಟ್ಟ ಹೆಸರು ಬೆನೆಟ್ ಬಗ್ಗಿ, ಅಂದರೆ ಬೆನೆಟ್ ಗಾಡಿ. ಸೆಂಟ್ರಲ್ ಬ್ಯಾಂಕ್ ತಂದಿದ್ದು ಅವನೇ, ದೇಶಕ್ಕೆ ರೇಡಿಯೋ ಪ್ರಸಾರ ಸಂಸ್ಥೆ ಕೊಟ್ಟಿದ್ದೂ ಅವನೇ. ಜನರ ಬಾಯಲ್ಲಿ ಉಳಿದಿದ್ದು ಆ ಗಾಡಿ.

ಆದರೆ ಆ ಜನವೇ ಅವನಿಗೆ ಕಾಗದ ಬರೆಯುತ್ತಿದ್ದರು, ಸಾವಿರಾರು ಕಾಗದ. ಮಕ್ಕಳಿಗೆ ಬೂಟಿಲ್ಲ, ಮನೆಯಲ್ಲಿ ಹಿಟ್ಟಿಲ್ಲ, ಆಸ್ಪತ್ರೆಗೆ ದುಡ್ಡಿಲ್ಲ ಅಂತ. ಎಷ್ಟೋ ಕಾಗದಕ್ಕೆ ಅವನು ಉತ್ತರದ ಜೊತೆ ತನ್ನ ಸ್ವಂತ ದುಡ್ಡಿನಲ್ಲಿ ಎರಡು ಡಾಲರ್, ಐದು ಡಾಲರ್ ಇಟ್ಟು ಕಳಿಸಿದ. ಸಸ್ಕಾಚೆವಾನ್ ಪ್ರಾಂತ್ಯದ ಒಬ್ಬ ರೈತನ ಹೆಂಡತಿ, ಗಂಡನಿಗೆ ಚಳಿಗೆ ಬೆಚ್ಚನೆ ಒಳಉಡುಪು ಇಲ್ಲ, ಈಟನ್ಸ್ ಅಂಗಡಿಯ ಕ್ಯಾಟಲಾಗಿನಿಂದ ತರಿಸಿಕೊಡಿ ಅಂತ ಪ್ರಧಾನಿಗೇ ಬರೆದಳು. ತರಿಸಿಕೊಟ್ಟ. ಪ್ರಚಾರಕ್ಕಲ್ಲ, ಹೆಚ್ಚಿನವರಿಗೆ ಇದು ಗೊತ್ತಾಗಿದ್ದೇ ಅವನು ಹೋದ ಎಷ್ಟೋ ಕಾಲದ ಮೇಲೆ. ಅದನ್ನು ಓದಿದಾಗ ನನಗೆ ನೀನೇ ನೆನಪಾದೆ. ಬಾಡಿಗೆ ಕಟ್ಟದೆ ಮನೆಯಿಂದ ಹೊರಬಿದ್ದ ಆ ಮುದುಕಿಯ ಕೇಸಿಗೆ ಫೀಸು ತೆಗೆದುಕೊಳ್ಳದೆ, ಅವರ ಔಷಧಿಗೂ ನೀನೇ ಕೊಟ್ಟು ಬಂದೆಯಲ್ಲ, ನಿಮ್ಮಮ್ಮ ಹೇಳಿದಳು. ನೀನು ನನಗೆ ಹೇಳಲಿಲ್ಲ. ಹೆಮ್ಮೆಯಾಯಿತು ಮಗಳೇ, ಬಹಳ.

ಈಗ ನೋಡು. ಒಂದೊಂದು ಕಾಗದಕ್ಕೆ ಹೀಗೆ ಕರಗುವ ಮನುಷ್ಯ, ಜನ ಗುಂಪಾಗಿ ಬಂದಾಗ ಏನು ಮಾಡಿದ? ಕೆಲಸವಿಲ್ಲದ ಒಂಟಿ ಗಂಡಸರನ್ನು ಶಿಬಿರಗಳಿಗೆ ಸೇರಿಸಿ ದಿನಕ್ಕೆ 20 ಸೆಂಟ್ ಕೊಡುತ್ತಿದ್ದರು. 1935ರ ಜೂನ್‌ನಲ್ಲಿ ಅವರು ವ್ಯಾಂಕೂವರಿನಿಂದ ಗೂಡ್ಸ್ ರೈಲಿನ ಮೇಲೆ ಹತ್ತಿ ಒಟ್ಟಾವಾಕ್ಕೆ ಹೊರಟರು. ನಮ್ಮ ಕ್ಯಾಲ್ಗರಿಯಲ್ಲೂ ಇಳಿದಿದ್ದರು. ದಾರಿ ಮಧ್ಯೆ ರೆಜಿನಾ ಊರಿನಲ್ಲಿ ಸರ್ಕಾರ ತಡೆಯಿತು. ಅವರ ಮುಖಂಡ ಆರ್ಥರ್ ಇವಾನ್ಸ್ ಕೆಲವರ ಜೊತೆ ಒಟ್ಟಾವಾಕ್ಕೆ ಹೋಗಿ ಬೆನೆಟ್‌ನನ್ನು ಭೇಟಿಯಾದ. ಬೆನೆಟ್ ಇವಾನ್ಸ್‌ನನ್ನು ಕಳ್ಳ ಅಂದ. ಇವಾನ್ಸ್ ಬೆನೆಟ್‌ನನ್ನು ಸುಳ್ಳುಗಾರ ಅಂದ. ಮಾತುಕತೆ ಅಷ್ಟೇ. ಜುಲೈ 1ಕ್ಕೆ ರೆಜಿನಾದಲ್ಲಿ ಗಲಭೆಯಾಗಿ ಒಬ್ಬ ಪೊಲೀಸ್ ಸತ್ತ. ಏಟು ತಿಂದ ಒಬ್ಬ ಮೆರವಣಿಗೆಯವನು ಆಮೇಲೆ ತೀರಿಕೊಂಡ.

ನನಗೆ ಅನ್ನಿಸುವುದು ಇಷ್ಟು. ಆ ದಿನ ಬೆನೆಟ್ ಪಕ್ಕದಲ್ಲಿ ಒಬ್ಬರು ಇರಬೇಕಿತ್ತು. "ಈ ಹುಡುಗರೂ ಅದೇ ಕಾಗದ ಬರೆದವರ ಮನೆಯವರು, ಸ್ವಲ್ಪ ಕೇಳು" ಅಂತ ಮುಖದ ಮೇಲೆ ಹೇಳುವವರು. ಅವನನ್ನು ಹೊಗಳುವವರು ಇದ್ದರು, ಅವನಿಗೆ ಹೆದರುವವರು ಇದ್ದರು. ಬೈಯುವಷ್ಟು ಹತ್ತಿರದವರು ಇರಲಿಲ್ಲ. ಆ ವರ್ಷದ ಜನವರಿಯಲ್ಲಿ ರೇಡಿಯೋದಲ್ಲಿ ಮಾತಾಡಿ, ಕನಿಷ್ಠ ಕೂಲಿ, ನಿರುದ್ಯೋಗ ವಿಮೆ ಎಲ್ಲ ತರುತ್ತೇನೆ ಅಂದಿದ್ದ. ಅವನ ಮಂತ್ರಿಗಳೇ ಗಾಬರಿಯಾದರು. ಅಕ್ಟೋಬರ್ ಚುನಾವಣೆಯಲ್ಲಿ ಪಕ್ಷ 40 ಸೀಟಿನ ಆಸುಪಾಸಿಗೆ ಬಿತ್ತು.

1938ರಲ್ಲಿ ಮಿಲ್ಡ್ರೆಡ್ ತೀರಿಕೊಂಡಳು. ಮರುವರ್ಷ ಅವನು ಈ ದೇಶವನ್ನೇ ಬಿಟ್ಟು ಇಂಗ್ಲೆಂಡಿಗೆ ಹೋದ. ಸರ್ರೆಯ ಮಿಕಲ್‌ಹ್ಯಾಮ್ ಅನ್ನುವ ಹಳ್ಳಿಯಲ್ಲಿ ದೊಡ್ಡ ಮನೆ ತೆಗೆದುಕೊಂಡ. ಹೋಟೆಲ್ ಕೊನೆಗೂ ಬಿಟ್ಟ. ಮನೆ ಸಿಕ್ಕಿದ್ದು ಅಲ್ಲಿ. ವೈಕೌಂಟ್ ಅನ್ನುವ ಬಿರುದು ಬಂತು, ಅದರಲ್ಲಿ ಕ್ಯಾಲ್ಗರಿ ಹೆಸರೂ ಇತ್ತು. 1947ರ ಜೂನ್ 26ರ ರಾತ್ರಿ ಸ್ನಾನದ ತೊಟ್ಟಿಯಲ್ಲಿ ಹೃದಯ ನಿಂತು ಸತ್ತ. ಕೆನಡಾದ ಪ್ರಧಾನಿಗಳಲ್ಲಿ ಹೊರದೇಶದಲ್ಲಿ ಮಣ್ಣಾದವನು ಅವನೊಬ್ಬನೇ. ಇದನ್ನು ನಾನು ಎಷ್ಟು ಸಲ ಓದಿದರೂ ಎದೆ ಭಾರವಾಗುತ್ತದೆ. ಈ ದೇಶವನ್ನು ಐದು ವರ್ಷ ಆಳಿದವನಿಗೆ ಇಲ್ಲಿ ಇರಲು ಒಂದು ಮನೆ ಅಂತ ಅನ್ನಿಸಲಿಲ್ಲ. ನಾವು ಹೊರಗಿನಿಂದ ಬಂದವರು, ನಮಗೆ ಅನ್ನಿಸುತ್ತದೆ. ನಿನಗೆ ಹೀಗಾಗಬಾರದು. ರಾತ್ರಿ ನಿದ್ದೆ ಬಾರದಿದ್ದಾಗ ಯೋಚಿಸುವುದು ಇದನ್ನೇ, ಆ ಮನೆ, ಆ ತೊಟ್ಟಿ. ಸಾಕು, ನಿಮ್ಮಮ್ಮ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ, ಮಗುವಿಗೆ ಇಂಥದ್ದೆಲ್ಲ ಬರೀತೀರಾ ಅಂತ ಗದರುತ್ತಿದ್ದಾಳೆ.

ಇನ್ನೊಂದು ಮಾತು ಇದೆ. ಅದೇ 1947ರಲ್ಲೇ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಭಾರತೀಯರಿಗೆ ವೋಟು ಸಿಕ್ಕಿತು. ಅಲ್ಲಿಯವರೆಗೆ ಇರಲಿಲ್ಲ. 1914ರಲ್ಲಿ ಬೆನೆಟ್ ಒಟ್ಟಾವಾ ಸಂಸತ್ತಿನಲ್ಲಿ ಕೂತಿದ್ದಾಗ ಕೊಮಗಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಕಾದರು. ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ಅಂಥ ದೇಶದ ಬ್ಯಾಲೆಟ್ ಪೇಪರಿನಲ್ಲಿ ನಿನ್ನ ಹೆಸರು ಬರಬಹುದು ಅಂದಾಗ ನನಗೆ ಸಂತೋಷ ಆಗಿಲ್ಲ ಅಂತ ಮಾತ್ರ ತಿಳಿಯಬೇಡ. ಭಾನುವಾರ ಅದನ್ನು ಹೇಳುವುದಕ್ಕೆ ಮೊದಲೇ ಭಯ ಬಾಯಿಗೆ ಬಂತು.

ಹಾಗಾಗಿ ಎಲೆಕ್ಷನ್‌ಗೆ ನಿಲ್ಲು. ಆದರೆ ಮನೆ ಬಿಡಬೇಡ. ವಾರಕ್ಕೊಮ್ಮೆಯಾದರೂ ಫೋನ್ ಇಲ್ಲದೆ ಊಟಕ್ಕೆ ಕೂರು. ಎಲ್ಲವನ್ನೂ ನೀನೇ ಮಾಡಲು ಹೋಗಬೇಡ, ಲೆಕ್ಕ ನೋಡಲು ಬೇರೆಯವರನ್ನು ಇಟ್ಟುಕೋ. ಹೌದು ಹೌದು ಅನ್ನುವವರನ್ನು ಜಾಸ್ತಿ ಹತ್ತಿರ ಸೇರಿಸಬೇಡ. ನಿನ್ನ ಹಳೇ ಗೆಳತಿಯರಲ್ಲಿ ನಿನ್ನನ್ನು ಬೈಯುವವಳು ಒಬ್ಬಳಿದ್ದಾಳಲ್ಲ, ಅವಳನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡ. ಒಬ್ಬರಿಗೆ ಸಹಾಯ ಮಾಡಿದ್ದೇನೆ ಅಂತ ಸಮಾಧಾನಪಟ್ಟು ನೂರು ಜನ ಬಂದಾಗ ಬಾಗಿಲು ಹಾಕಬೇಡ. ಭಾಷಣವೇ ಆಯಿತು, ಗೊತ್ತು. ಆದರೂ ಓದು.

ಪಾರ್ಟಿ ಮೆಂಬರ್‌ಶಿಪ್ಪಿನ ಲಿಂಕ್ ಕಳಿಸು. ನಿನ್ನ ಕ್ಷೇತ್ರದಲ್ಲಿರುವ ಕನ್ನಡದವರ ಪಟ್ಟಿಯನ್ನು ನಿಮ್ಮಮ್ಮ ಆಗಲೇ ಶುರು ಮಾಡಿದ್ದಾಳೆ. ಮನೆಮನೆಗೆ ಹೋಗುವ ದಿನ ನಾನು ಕಾರು ಓಡಿಸುತ್ತೇನೆ. ಬಾಡಿಗೆ ಏರಿಕೆ ಬಗ್ಗೆ ನೀನು ಹೇಳುವ ಪರಿಹಾರ ನನಗೆ ಇನ್ನೂ ಒಪ್ಪಿಗೆಯಿಲ್ಲ, ಅದನ್ನು ದಾರಿಯಲ್ಲಿ ಮಾತಾಡೋಣ.

ನಿನ್ನ ಅಪ್ಪ